ಸತ್ಯೇಂದ್ರಚೋಳನ ತೀರ್ಪು: ಸೇಡೋ, ನ್ಯಾಯವೋ?

ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ರಚಿಸಿದ ‘ಭಾವಚಿಂತಾರತ್ನ’ವು ಪಂಚಾಕ್ಷರಿಯ ಮಹಿಮೆಯನ್ನು ಸಾರುವ ಕಾವ್ಯವೆಂದು ಪ್ರಸಿದ್ಧವಾಗಿದೆ. ‘ಸತ್ಯೇಂದ್ರಚೋಳನ ಕಥೆ’ಯೆಂಬ ಹೆಸರೂ ಇರುವ ಈ ಕೃತಿಯ ವಸ್ತುವಿನಲ್ಲಿ ದಂಡನೀತಿಯ ಗಹನವಾದ ಪ್ರಶ್ನೆಯೊಂದು ಅಡಗಿರುವುದನ್ನು ವಾಚಕರು ಗಮನಿಸಬೇಕು.

ಇದೇ ಕಥೆಯನ್ನು 17ನೆಯ ಶತಮಾನದಲ್ಲಿ ಷಡಕ್ಷರದೇವನು ‘ರಾಜಶೇಖರ ವಿಳಾಸ’ವೆಂಬ ಚಂಪೂಕಾವ್ಯವಾಗಿ ಬೆಳೆಸಿದನು. ಅರಸನ ಮಗ ರಾಜಶೇಖರನೂ ಮಂತ್ರಿಪುತ್ರ ಮಿತವಚನನೂ ಪುರವೀಥಿಯಲ್ಲಿ ಕುದುರೆಗಳನ್ನು ಓಡಿಸುವಾಗ ತಿರುಕೊಳವಿನಾಚಿಯ ಕಂದನು ತುಳಿತಕ್ಕೆ ಸಿಕ್ಕಿ ಮಡಿಯುತ್ತಾನೆ. ತಾಯಿಯ ಮೊರೆಯನ್ನು ಕೇಳಿದ ಸತ್ಯೇಂದ್ರಚೋಳನು ಪ್ರಾಣಕ್ಕೆ ಪ್ರಾಣವೆಂದು ಸ್ವಂತ ಮಗನಿಗೇ ಮರಣದಂಡನೆ ವಿಧಿಸುತ್ತಾನೆ. ಒಂದು ಸಾವು ಮತ್ತಷ್ಟು ಸಾವುಗಳಿಗೆ ಕಾರಣವಾಗುತ್ತದೆ. ಕಡೆಗೆ ಶಿವನು ಪ್ರತ್ಯಕ್ಷನಾಗಿ ಮಡಿದವರಿಗೆಲ್ಲ ಜೀವದಾನ ಮಾಡುತ್ತಾನೆ. 12ನೆಯ ಶತಮಾನದ ಶೇಕ್ಕಿಳಾರರ ತಮಿಳು ‘ಪೆರಿಯಪುರಾಣ’ದಲ್ಲಿಯೂ ಇಂತಹುದೇ ಪ್ರಸಂಗವಿದೆ. ಅಲ್ಲಿ ರಥಕ್ಕೆ ಸಿಕ್ಕಿ ಸತ್ತುದು ಕರು. ಮೊರೆಯಿಟ್ಟುದು ತಾಯಿ ಹಸು. ಮಗನನ್ನು ದಂಡಿಸಿದವನು ಮನುನೀತಿಚೋಳ.

ಈ ತೀರ್ಪಿನಲ್ಲಿ ಎರಡು ತತ್ತ್ವಗಳು ಬೆರೆತಿವೆ. ಮೊದಲನೆಯದು, ಅರಸನ ಮಗನಿಗೂ ಬಡವಿಯ ಮಗನಿಗೂ ಕಾನೂನು ಒಂದೇ ಎಂಬ ಸಮತೆ; ಇದು ಸರ್ವಕಾಲಕ್ಕೂ ವಂದ್ಯವಾದುದು. ಎರಡನೆಯದು, ಪ್ರಾಣಕ್ಕೆ ಪ್ರಾಣವೆಂಬ ಪ್ರತೀಕಾರ. ಪ್ರತೀಕಾರವು ಫಲವನ್ನು ನೋಡುತ್ತದೆಯೇ ಹೊರತು ಉದ್ದೇಶವನ್ನು ನೋಡುವುದಿಲ್ಲ. ಕೊಲ್ಲಬೇಕೆಂದು ಕೊಂದವನನ್ನೂ ಅಜಾಗರೂಕತೆಯಿಂದ ಸಾವಿಗೆ ಕಾರಣನಾದವನನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

ಇಂದಿನ ಶಾಸನವು ಇವೆರಡನ್ನೂ ಬೇರ್ಪಡಿಸಿದೆ. ಅಜಾಗರೂಕತೆಯಿಂದ ಸಂಭವಿಸಿದ ಸಾವಿಗೆ ಭಾರತೀಯ ದಂಡಸಂಹಿತೆಯ 304ಎ ಕಲಮು ಗರಿಷ್ಠ 2 ವರ್ಷಗಳ ಸೆರೆಯನ್ನು ವಿಧಿಸುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಅದನ್ನು ಸಾಮಾನ್ಯವಾಗಿ 5 ವರ್ಷಗಳವರೆಗೆ ಏರಿಸಿದೆ. ಮಗುವನ್ನು ಕಳೆದುಕೊಂಡ ತಾಯಿಗೆ ಇದು ಅಲ್ಪವೆನಿಸಬಹುದು. ಆಕೆಯ ಸಂಕಟವನ್ನು ಹಗುರವಾಗಿ ಕಾಣುವ ಅಧಿಕಾರ ಯಾರಿಗೂ ಇಲ್ಲ. ಆಕೆಯ ದೂರನ್ನು ಕೇಳುವುದೂ ತಪ್ಪಿತಸ್ಥನು ಎಷ್ಟೇ ದೊಡ್ಡವನಾದರೂ ವಿಚಾರಣೆಗೆ ಗುರಿಪಡಿಸುವುದೂ ರಾಜ್ಯದ ಕರ್ತವ್ಯ. ಆಕೆಯ ಸಿಟ್ಟನ್ನೇ ಶಿಕ್ಷೆಯ ಅಳತೆಗೋಲಾಗಿಸುವುದು ಮಾತ್ರ ನ್ಯಾಯವಲ್ಲ.

ಪ್ರತೀಕಾರದಿಂದ ಕಥೆ ಮುಗಿಯಲಿಲ್ಲವೆಂಬುದೇ ಇಲ್ಲಿ ವಿಚಾರಾರ್ಹವಾದುದು. ರಾಜಕುಮಾರನ ತಲೆ ಉರುಳಿದ ಮೇಲೂ ತಾಯಿಗೆ ಕಂದನು ದೊರೆಯಲಿಲ್ಲ. ಅವನನ್ನು ಮರಳಿಸಲು ಶಿವನೇ ಬರಬೇಕಾಯಿತು. ಸತ್ತವರನ್ನು ಎಬ್ಬಿಸುವ ಶಕ್ತಿಯಿಲ್ಲದ ಮನುಷ್ಯರ ನ್ಯಾಯಾಲಯವು ಸತ್ಯೇಂದ್ರಚೋಳನಿಂದ ಅವನ ಸಮತೆಯನ್ನು ಕಲಿಯಲಿ. ಅವನ ಖಡ್ಗವನ್ನು ಕಾವ್ಯದಲ್ಲಿಯೇ ಉಳಿಸಲಿ.