ಮಿರಜ ಮಿಷನ್ ಆಸ್ಪತ್ರೆ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮಿರಜದಲ್ಲಿ 1894ರಲ್ಲಿ ಬಾಗಿಲು ತೆರೆದ ದತ್ತಿ ಆಸ್ಪತ್ರೆ. ಸ್ಥಾಪಕ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯ ವಿಲಿಯಂ ಜೇಮ್ಸ್ ವಾನ್‌ಲೆಸ್ (1865–1933). ದಾಖಲೆಗಳಲ್ಲಿ ಇದಕ್ಕೆ ವಾನ್‌ಲೆಸ್ ಆಸ್ಪತ್ರೆ, ಮಿರಜ ಮೆಡಿಕಲ್ ಸೆಂಟರ್ ಎಂಬ ಹೆಸರುಗಳಿವೆ. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ಜಮಖಂಡಿ ಕಡೆಯ ಹಿರಿಯರಿಗೆ ಅದು ಬರೀ ‘ಮಿರಜ ದವಾಖಾನಿ’. ಬರ, ಪ್ಲೇಗು, ಕುಷ್ಠ, ಕ್ಷಯಗಳ ಕಾಲದಲ್ಲಿ ಕೃಷ್ಣೆಯ ಎರಡೂ ದಂಡೆಯ ಕನ್ನಡ, ಮರಾಠಿ ಹಳ್ಳಿಗಳಿಗೆ ಶಸ್ತ್ರಚಿಕಿತ್ಸೆ ಮಾಡಬಲ್ಲ ಆಸ್ಪತ್ರೆಗಳು ಬಲು ವಿರಳವಾಗಿದ್ದವು. ಇದ್ದ ಕೆಲವುಗಳಲ್ಲಿ ಹೆಸರು ಮಾಡಿದ್ದು ಇದು.

ವಾನ್‌ಲೆಸ್ ಹುಟ್ಟಿದ್ದು ಕೆನಡಾದ ಒಂಟಾರಿಯೊ ಪ್ರಾಂತದ ಚಾರ್ಲ್ಸ್‌ಟನ್‌ನಲ್ಲಿ. ನ್ಯೂಯಾರ್ಕಿನಲ್ಲಿ ವೈದ್ಯಕೀಯ ಓದು ಮುಗಿಸಿ ಅದೇ ವರ್ಷ, 1889ರಲ್ಲಿ, ಪತ್ನಿ ಮೇರಿಯೊಂದಿಗೆ ಭಾರತಕ್ಕೆ ಬಂದರು. ಮೊದಲು ಔಷಧ ಕೊಡಲು ಕೂತದ್ದು ಸಾಂಗ್ಲಿಯಲ್ಲಿ. ಕೆಲವೇ ವರ್ಷಗಳಲ್ಲಿ ಕೆಲಸ ಪಕ್ಕದ ಮಿರಜಕ್ಕೆ ಸರಿಯಿತು. ಸಾಂಗ್ಲಿ, ಮಿರಜ ಎರಡೂ ಪಟವರ್ಧನ ಮನೆತನದ ಸಂಸ್ಥಾನಗಳು. ಬ್ರಾಹ್ಮಣ ಅರಸರ ಊರಿನಲ್ಲಿ ಕ್ರೈಸ್ತ ಮಿಷನ್ನಿನ ಆಸ್ಪತ್ರೆ ನೆಲೆಯೂರಿತು ಎಂಬುದು ಇಂದಿನವರಿಗೆ ಅಚ್ಚರಿ ಎನಿಸಬಹುದು. ಆದರೆ ರೈಲು ಬಂದು ಜಂಕ್ಷನ್ ಆಗುತ್ತಿದ್ದ ಊರಿಗೆ ದವಾಖಾನೆಯೊಂದು ಬೇಕಿತ್ತು, ದವಾಖಾನೆಗೆ ರೋಗಿಗಳನ್ನು ತಂದಿಳಿಸುವ ರೈಲು ಬೇಕಿತ್ತು. ಕಟ್ಟಡಕ್ಕೆ ಹಣ ಕೊಟ್ಟವರು ಫಿಲಡೆಲ್ಫಿಯಾದ ಜಾನ್ ಎಚ್. ಕಾನ್ವರ್ಸ್, ಅವರ ಉದ್ಯಮ ರೈಲು ಎಂಜಿನುಗಳದ್ದು ಎಂಬುದು ಕಾಕತಾಳೀಯವಾದರೂ ನೆನಪಿಡತಕ್ಕದ್ದೇ.

ಆಸ್ಪತ್ರೆಗೆ ಎರಡು ವರ್ಷ ತುಂಬುವಷ್ಟರಲ್ಲಿ ದಖ್ಖನಕ್ಕೆ ಕೆಟ್ಟ ದಿನಗಳು ಬಂದವು. 1896ರಲ್ಲಿ ಮಳೆ ಕೈಕೊಟ್ಟಿತು. ಅದೇ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗು ಪತ್ತೆಯಾಯಿತು. ಮುಂದಿನ ಕೆಲವು ವರ್ಷಗಳಲ್ಲಿ ಅದು ಪುಣೆ, ಸಾತಾರಾ, ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳವರೆಗೂ ಹಬ್ಬಿತು. 1899–1900ರಲ್ಲಿ ಮತ್ತೊಂದು ಬರ. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದರು. ಸರ್ಕಾರ ಸೈನಿಕರನ್ನು ಕರೆದುಕೊಂಡು ಮನೆ ಹೊಕ್ಕು ರೋಗಿಗಳನ್ನು ಹುಡುಕಿತು. ಪುಣೆಯಲ್ಲಿ ಈ ಬಲವಂತಕ್ಕೆ ಸಿಟ್ಟು ಹತ್ತಿ 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿತು. ಅದೇ ವರ್ಷ ಮಾರ್ಚಿನಲ್ಲಿ ಸಾವಿತ್ರಿಬಾಯಿ ಫುಲೆ ಪುಣೆಯ ಬಳಿ ಮಗ ಯಶವಂತನ ಚಿಕಿತ್ಸಾಲಯಕ್ಕೆ ರೋಗಿಗಳನ್ನು ಸಾಗಿಸುತ್ತ ತಾವೇ ಪ್ಲೇಗಿಗೆ ಬಲಿಯಾಗಿದ್ದರು. ಹುಬ್ಬಳ್ಳಿಯಲ್ಲಿ 1898ರಲ್ಲಿ ವೈದ್ಯ ಲ್ಯೂಮನ್ ಅವರು ಹಾಫ್ಕಿನ್‌ರ ಪ್ಲೇಗು ಲಸಿಕೆಯನ್ನು ಸಾಮೂಹಿಕವಾಗಿ ಹಾಕಿಸಿದರು. ಆಗ ಸೂಜಿ ಚುಚ್ಚಿಸಿಕೊಳ್ಳುವುದೆಂದರೇ ಜನರಿಗೆ ಭಯ.

ಇಂಥ ದಿನಗಳಲ್ಲಿ ಮಿರಜದ ಪರದೇಶಿ ಡಾಕ್ಟರ ಬಳಿ ಜನ ತಾವಾಗಿ ಹೋದದ್ದೇಕೆ? ಉತ್ತರದ ದೊಡ್ಡ ಪಾಲು ಕಣ್ಣಿನಲ್ಲಿದೆ. ಮೋತಿಬಿಂದು ಕವಿದು ವರ್ಷಗಟ್ಟಲೆ ಕೋಲು ಹಿಡಿದು ನಡೆದವರು ಕೆಲವೇ ದಿನಗಳಲ್ಲಿ ಮಕ್ಕಳ ಮುಖ ಕಾಣುತ್ತಿದ್ದರು. ಅಂಥ ಒಬ್ಬ ಅಜ್ಜ ಊರಿಗೆ ತಿರುಗಿದರೆ ಸರ್ಕಾರದ ಹತ್ತು ಡಂಗುರಕ್ಕಿಂತ ಹೆಚ್ಚಿನ ಪ್ರಚಾರವಾಗುತ್ತಿತ್ತು. ವಾನ್‌ಲೆಸ್ ಮೂಲತಃ ಶಸ್ತ್ರವೈದ್ಯರು, ಮೋತಿಬಿಂದು ಶಸ್ತ್ರಕ್ರಿಯೆಯೇ ಅವರಿಗೆ ಹೆಸರು ತಂದದ್ದು. ಕೊಲ್ಹಾಪುರದ ಶಾಹೂ ಛತ್ರಪತಿಗಳ ಸ್ನೇಹವೂ ಅವರಿಗೆ ಒದಗಿತು. 1906ರಲ್ಲಿ ತೀರಿಕೊಂಡ ಮೇರಿಯ ಹೆಸರಿನ ಆಸ್ಪತ್ರೆ ಕೊಲ್ಹಾಪುರದಲ್ಲಿದೆ.

ಈ ಸಂಸ್ಥೆಯ ಚರಿತ್ರೆಯಲ್ಲಿ ಕಟ್ಟಡಕ್ಕಿಂತ, ಶಸ್ತ್ರಕ್ರಿಯೆಗಳ ಎಣಿಕೆಗಿಂತ ತೂಕದ ಸಂಗತಿಯೊಂದಿದೆ. ಬರಗಾಲದ ನಡುವೆಯೇ, 1897ರಲ್ಲಿ, ವಾನ್‌ಲೆಸ್ ಇಲ್ಲಿ ವೈದ್ಯಶಾಲೆ ತೆರೆದರು. ಮಿಷನ್ನುಗಳು ಪುರುಷರಿಗಾಗಿ ಭಾರತದಲ್ಲಿ ನಡೆಸಿದ ವೈದ್ಯಶಾಲೆಗಳಲ್ಲಿ ಇದು ಮೊದಮೊದಲಿನದು. ಹೆಂಗಸರಿಗಾಗಿ ಲುಧಿಯಾನದಲ್ಲಿ ಎಡಿತ್ ಬ್ರೌನ್ 1894ರಲ್ಲಿ ಆರಂಭಿಸಿದ್ದರು. ವೆಲ್ಲೂರಿನಲ್ಲಿ ಐಡಾ ಸ್ಕಡರ್ ಅವರ ವೈದ್ಯಶಾಲೆ ಬಂದದ್ದು 1918ರಲ್ಲಿ. ಸಂಕಟಕಾಲದಲ್ಲಿ ಹೊರಗಿನಿಂದ ವೈದ್ಯರನ್ನು ಕರೆತರುವುದಕ್ಕೂ ಸ್ಥಳೀಯ ಹುಡುಗರ ಕೈಗೆ ಚಾಕು, ಹೊಲಿಗೆಯ ವಿದ್ಯೆ ಕೊಡುವುದಕ್ಕೂ ಅಂತರ ಬಹಳ. ವಾನ್‌ಲೆಸ್ ಎರಡನೆಯದನ್ನು ಮೊದಲೇ ಹಿಡಿದರು. ಮಿರಜ ಇಂದಿಗೂ ವೈದ್ಯರ ಊರಾಗಿ ಉಳಿದಿರುವುದಕ್ಕೆ ಈ ಲೇಖಕನ ದೃಷ್ಟಿಯಲ್ಲಿ ಮುಖ್ಯ ಕಾರಣ ಇದೇ.

ಕುಷ್ಠರೋಗಿಗಳ ಆಶ್ರಯ 1900ರ ಸುಮಾರಿಗೆ ಮೊದಲಾಯಿತು. ಮುಂದೆ ರಿಚರ್ಡ್ಸನ್ ಕುಷ್ಠರೋಗ ಆಸ್ಪತ್ರೆಯಾಗಿ ಬೆಳೆಯಿತು. ಆಗ ಈ ರೋಗಕ್ಕೆ ನಂಬಲರ್ಹ ಮದ್ದಿರಲಿಲ್ಲ. ಊರಾಚೆ ತಳ್ಳಿಸಿಕೊಂಡವರಿಗೆ ಸೂರು, ಅನ್ನ, ಹುಣ್ಣಿಗೆ ಪಟ್ಟಿ ಸಿಕ್ಕರೆ ಅದೇ ಚಿಕಿತ್ಸೆ. ಡ್ಯಾಪ್ಸೋನ್ 1940ರ ದಶಕದಲ್ಲಿ, ಬಹುಔಷಧ ಚಿಕಿತ್ಸೆ 1980ರ ದಶಕದಲ್ಲಿ ಬಂದ ಮೇಲಷ್ಟೇ ಆಶ್ರಯಗಳು ನಿಜವಾದ ಆಸ್ಪತ್ರೆಗಳಾದವು.

ಕ್ಷಯದ ಕಥೆಯೂ ಹೀಗೇ. ಸಾಂಗ್ಲಿ, ಮಿರಜಗಳ ನಡುವಿನ ಬಯಲಿನಲ್ಲಿ ಗಾಳಿ, ಬಿಸಿಲು, ವಿಶ್ರಾಂತಿಯ ಸ್ಯಾನಟೋರಿಯಂ ಎದ್ದಿತು. ಆ ಭಾಗಕ್ಕೆ ಇಂದಿಗೂ ವಾನ್‌ಲೆಸ್‌ವಾಡಿ ಎಂದೇ ಹೆಸರು. ಮದ್ರಾಸಿನಲ್ಲಿ 1956ರಿಂದ ನಡೆದ ಅಧ್ಯಯನ ಮನೆಯಲ್ಲೇ ಮಾತ್ರೆ ತೆಗೆದುಕೊಂಡರೂ ಕ್ಷಯ ಗುಣವಾಗುತ್ತದೆ ಎಂದು ತೋರಿಸಿತು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಅದನ್ನೇ ಹಳ್ಳಿಹಳ್ಳಿಗೂ ಮುಟ್ಟಿಸುವ ಕಾರ್ಯಕ್ರಮ ರೂಪಿಸಿತು. ಸ್ಯಾನಟೋರಿಯಂಗಳ ಕಾಲ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು.

ವಾನ್‌ಲೆಸ್‌ಗೆ ಬ್ರಿಟಿಷ್ ಸರ್ಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು, 1928ರಲ್ಲಿ ಸರ್ ಪದವಿಯೂ ಬಂತು. ಅದೇ ವರ್ಷ ನಿವೃತ್ತರಾಗಿ ಅಮೆರಿಕಕ್ಕೆ ತೆರಳಿ 1933ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಅವರ ನಂತರ ಆಸ್ಪತ್ರೆಯನ್ನು ಮುಂದಕ್ಕೆ ಒಯ್ದವರಲ್ಲಿ ಚಾರ್ಲ್ಸ್ ವೇಲ್ ಪ್ರಮುಖರು. 1940ರ ದಶಕದಲ್ಲಿ ಹಲವು ಮಿಷನ್ನುಗಳು ಕೂಡಿ ನಡೆಸುವ ಮಿರಜ ಮೆಡಿಕಲ್ ಸೆಂಟರ್ ರೂಪುಗೊಂಡಿತು. 1962ರಲ್ಲಿ ಮಿರಜ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದಾಗ ಅದರ ವಿದ್ಯಾರ್ಥಿಗಳು ರೋಗಿಯ ಹಾಸಿಗೆ ಪಕ್ಕ ನಿಂತು ಕಲಿತದ್ದು ಈ ದತ್ತಿ ಆಸ್ಪತ್ರೆಯ ವಾರ್ಡುಗಳಲ್ಲೇ. ಸರ್ಕಾರಿ ಕಾಲೇಜಿಗೆ ಮಿಷನ್ ಆಸ್ಪತ್ರೆ ಪಾಠಶಾಲೆಯಾದ ನಿದರ್ಶನ ದೇಶದಲ್ಲಿ ಅಪರೂಪ.

ಮಿಷನ್ನಿನ ಧರ್ಮಪ್ರಚಾರದ ಉದ್ದೇಶವನ್ನು ಮುಚ್ಚಿಡುವಂತಿಲ್ಲ. ದೇಹಕ್ಕೆ ಔಷಧ, ಆತ್ಮಕ್ಕೆ ಸುವಾರ್ತೆ ಎಂಬುದು ಆ ಕಾಲದ ಎಲ್ಲ ವೈದ್ಯಕೀಯ ಮಿಷನ್ನುಗಳ ಘೋಷಿತ ನಿಲುವು. ಪ್ಯಾರಿಸ್ಸಿನಲ್ಲಿ 1971ರಲ್ಲಿ ವೈದ್ಯರೂ ಪತ್ರಕರ್ತರೂ ಸೇರಿ ಕಟ್ಟಿದ ಮೆಡ್ಸಾಂ ಸಾನ್ ಫ್ರಾಂಟಿಯೆರ್ ಇದಕ್ಕೆ ವಿರುದ್ಧ ತುದಿಯದು: ಧರ್ಮ, ರಾಜಕೀಯಗಳ ಹಂಗಿಲ್ಲ, ಯುದ್ಧ, ಕ್ಷಾಮ, ಪಿಡುಗು ಇದ್ದಲ್ಲಿಗೆ ಧಾವಿಸುವುದು, ಅಗತ್ಯ ತೀರಿದ ಮೇಲೆ ಹೊರಡುವುದು. ಅದಕ್ಕೆ 1999ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನಿಲುವಿನಲ್ಲಿ ಪ್ಯಾರಿಸ್ಸಿನ ಸಂಸ್ಥೆಯೇ ಶುದ್ಧ. ಬರ ಪದೇ ಪದೇ ಬೀಳುವ ನಾಡಿಗೆ ಮಾತ್ರ ಅಲ್ಲೇ ಬೇರೂರುವ ಆಸ್ಪತ್ರೆಯೇ ಹೆಚ್ಚು ಉಪಯುಕ್ತ.

ಬರದ ನಾಡು ಎಂದದ್ದು ಮಿರಜ ತಾಲ್ಲೂಕಿನ ಪೂರ್ವಭಾಗಕ್ಕೂ ಅನ್ವಯಿಸುತ್ತದೆ. ಕೃಷ್ಣೆಗೆ ಹತ್ತಿರದ ಪಶ್ಚಿಮದಲ್ಲಿ ಕಬ್ಬು. ಖಂಡೇರಾಜುರಿಯಂಥ ಹಳ್ಳಿಗಳಿರುವ ಪೂರ್ವಕ್ಕೆ, ಕವಠೆ ಮಹಾಂಕಾಳ, ಜತ್ತಗಳ ಕಡೆಗೆ ಹೋದಂತೆ ಮಳೆ ಕಡಿಮೆ, ಜೋಳದ ಹೊಲಗಳು ಹೆಚ್ಚು. ಮ್ಹೈಸಾಳ ಏತ ನೀರಾವರಿ ಬರುವ ಮುನ್ನ ಬೇಸಿಗೆ ಎಂದರೆ ಇಲ್ಲಿ ಕುಡಿಯುವ ನೀರಿಗೂ ಪರದಾಟ. 1927ರಲ್ಲಿ ಬಾರ್ಶಿ ಲೈಟ್ ರೈಲ್ವೆಯ ನ್ಯಾರೋಗೇಜ್ ಹಾದಿ ಪಂಢರಪುರದಿಂದ ಮಿರಜಕ್ಕೆ ಬಂತು. ಆರಗ, ಬೆಳಂಕಿ, ಸಲಗರೆಗಳ ನಿಲ್ದಾಣಗಳಿಂದ ಸುತ್ತಲಿನ ಹಳ್ಳಿಗಳಿಗೆ ಮಿರಜ ಹತ್ತಿರವಾಯಿತು.

1956ರ ರಾಜ್ಯ ಪುನರ್ವಿಂಗಡಣೆ ಗೆರೆ ಎಳೆದರೂ ರೋಗಿಗಳ ದಾರಿ ಬದಲಾಗಲಿಲ್ಲ. ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು (1957), ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು (1963), ವಿಜಯಪುರದ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು (1986) ಬಂದ ಮೇಲೆ ದೂರದವರು ಬರುವುದು ಕಡಿಮೆಯಾಯಿತು. ಅಥಣಿ, ಕಾಗವಾಡದವರಿಗೆ ಮಾತ್ರ ಈಗಲೂ ಮಿರಜವೇ ಹತ್ತಿರ. ಅಷ್ಟರಲ್ಲಿ ಮಿರಜದ ತುಂಬ ಖಾಸಗಿ ಆಸ್ಪತ್ರೆಗಳು ತಲೆಯೆತ್ತಿದವು. ಅವುಗಳ ಪೈಪೋಟಿಯಲ್ಲಿ ಹಳೆಯ ದತ್ತಿ ಆಸ್ಪತ್ರೆ ಹಿಂದೆ ಬಿದ್ದು, ಇತ್ತೀಚೆಗೆ ಹಣಕಾಸಿನ ಮುಗ್ಗಟ್ಟಿಗೂ ಸಿಕ್ಕಿತು.

ಸಂಕಟಕಾಲದ ಭಾರ ಈಗ ಹೆಚ್ಚಾಗಿ ಸರ್ಕಾರದ ಮೇಲಿದೆ. 2019ರ ಆಗಸ್ಟ್ ಪ್ರವಾಹದಲ್ಲಿ ಸಾಂಗ್ಲಿಯ ಇರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿ ದಾಟಿ, ನಗರದ ತಗ್ಗು ಬಡಾವಣೆಗಳು ಮುಳುಗಿದವು. 2020ರ ಮಾರ್ಚಿನಲ್ಲಿ ಜಿಲ್ಲೆಯ ಇಸ್ಲಾಮಪುರದಲ್ಲಿ ಕೋವಿಡ್ ಕಾಣಿಸಿಕೊಂಡಾಗ ಸೋಂಕಿತರನ್ನು ನೋಡಿಕೊಂಡದ್ದು ಮಿರಜದ ಸರ್ಕಾರಿ ಆಸ್ಪತ್ರೆ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ಮಹಾತ್ಮಾ ಫುಲೆ ಜನಾರೋಗ್ಯ ಯೋಜನೆಯನ್ನು ಕರ್ನಾಟಕದ 865 ಗಡಿ ಹಳ್ಳಿಗಳಿಗೂ ವಿಸ್ತರಿಸಲು ಹೊರಟಿತು. ಬೆಂಗಳೂರು ಇದನ್ನು ಗಡಿ ರಾಜಕಾರಣವೆಂದು ಕಟುವಾಗಿ ವಿರೋಧಿಸಿತು.