ಪಟ್ಟಿ ಓದುವವರು: ವಿಜಯಪುರ ಸೀಮೆಯ ಬಾಕಿ ಲೆಕ್ಕದ ಚರಿತ್ರೆ

ಒಣದ್ರಾಕ್ಷಿ ಸವಾಲು ಮುಗಿದ ಮೇಲೆ ತಿಕೋಟಾ, ಬಬಲೇಶ್ವರ ಕಡೆಯ ಬೆಳೆಗಾರನ ಕೈಗೆ ಬರುವ ಕಾಗದಕ್ಕೆ ‘ಪಟ್ಟಿ’ ಎನ್ನುತ್ತಾರೆ. ಮೇಲೆ ತೂಕ, ದರ. ಕೆಳಗೆ ಹಮಾಲಿ, ತೂಕದ ಕೂಲಿ, ಮುಂಗಡದ ಮುರಿತ. ತಳದಲ್ಲಿ ಕೈಗೆ ಸಿಗಬೇಕಾದ ಮೊತ್ತ. ವ್ಯಾಪಾರಿಯ ಖಾತೆಯಲ್ಲಿ ಇದು ಕೊಡಬೇಕಾದ ಬಾಕಿ. ಬೆಳೆಗಾರನಿಗೆ ಅದು ಇಡೀ ವರ್ಷದ ದುಡಿಮೆ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಮಾಲು. ಬಹಳಷ್ಟು ಮಾಲು ತಾಸಗಾಂವ, ಸಾಂಗಲಿಗೆ ಹೋಗುತ್ತದೆ. ಅಲ್ಲಿಯ ಪೇಟೆಯ ಭಾಷೆ ಮರಾಠಿ.

ಲೆಕ್ಕದ ಭಾಷೆಯ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. ಬಿಜಾಪುರದ ಸುಲ್ತಾನ ಒಂದನೆಯ ಇಬ್ರಾಹಿಂ ಆದಿಲ್‌ಶಾಹ (1534–1558) ಸರಕಾರಿ ಲೆಕ್ಕಪತ್ರವನ್ನು ಪಾರಸಿಯಿಂದ ಬಿಡಿಸಿ ‘ಹಿಂದವಿ’ಗೆ ತಂದು ಬ್ರಾಹ್ಮಣ ಕಾರಕೂನರ ಕೈಗೆ ಕೊಟ್ಟನೆಂದು ಮುಂದೆ ಅದೇ ಆಸ್ಥಾನದಲ್ಲಿದ್ದ ಚರಿತ್ರೆಕಾರ ಫರಿಶ್ತಾ ಬರೆದಿದ್ದಾನೆ. ಹಿಂದವಿ ಎಂದರೆ ಮರಾಠಿಯೋ ದಖನಿಯೋ ಎಂಬ ಚರ್ಚೆ ಇದೆ. ಯಾವುದಾದರೂ ಇರಲಿ, ಕನ್ನಡ ಮಾತಾಡುವ ರೈತ ತನ್ನ ಲೆಕ್ಕಕ್ಕೆ ಹೊರಗಿನವನಾಗಿಯೇ ಉಳಿದ. ಮುಂದೆ ಊರ ಲೆಕ್ಕ ಬರೆಯುವ ಕುಲಕರ್ಣಿಯ ದಫ್ತರದ ಮರಾಠಿ ಮೋಡಿ ಲಿಪಿಯೂ ಅವನಿಗೆ ದಕ್ಕಲಿಲ್ಲ.

1875ರಲ್ಲಿ ಪುಣೆ, ಅಹಮದನಗರ ಭಾಗದ ರೈತರು ದಂಗೆಯೆದ್ದು ಸಾಹುಕಾರರ ಸಾಲಪತ್ರಗಳನ್ನು ಸುಟ್ಟರು. ಅದರ ಫಲವಾಗಿ ಬಂದ 1879ರ ದಖನ್ ರೈತ ಪರಿಹಾರ ಕಾಯಿದೆ, ಬಿಜಾಪುರದ ನೆರೆಯ ಸೊಲ್ಲಾಪುರ ಸೇರಿ ನಾಲ್ಕು ಜಿಲ್ಲೆಗಳಲ್ಲಿ ಲಿಖಿತ ರಸೀದಿ, ವಾರ್ಷಿಕ ಲೆಕ್ಕ, ಪಾಸ್‌ಬುಕ್ ಕೇಳುವ ಹಕ್ಕು ಕೊಟ್ಟಿತು. ಬಡ್ಡಿಯ ಕಲಮುಗಳ ಬಗ್ಗೆಯೇ ಚರಿತ್ರೆಕಾರರು ಹೆಚ್ಚು ಬರೆದರು. ನನಗೆ ಈ ರಸೀದಿಯ ಕಲಮೇ ದೊಡ್ಡದಾಗಿ ಕಾಣುತ್ತದೆ.

ಅದೇ ಜಾಡಿನಲ್ಲಿ ಇಂದಿನ ಲೆಕ್ಕಪರಿಶೋಧಕರು ತೂಕದ ಚೀಟಿ, ಸವಾಲಿನ ದರ, ಪಟ್ಟಿ ಈ ಮೂರನ್ನೂ ತಾಳೆ ನೋಡಿದ ಮೇಲೆಯೇ ಹಣ ಬಿಡಬೇಕೆನ್ನುತ್ತಾರೆ. ತಾಳೆ ನೋಡುವವನೂ ಹಣ ಕೊಡುವವನೂ ಬೇರೆ ಬೇರೆ ಇರಬೇಕು. ಇನ್ನು ವ್ಯವಹಾರದ ಅಳತೆ, ಅಂದರೆ ಬೆಳೆಗಾರನ ಬಾಕಿ ಎಷ್ಟು ದಿನಕ್ಕೆ ತೀರುತ್ತದೆ ಎಂಬುದು. ವರ್ಷದ ಖರೀದಿ 73 ಲಕ್ಷ, ಸರಾಸರಿ ಬಾಕಿ 6 ಲಕ್ಷ ಎಂದಿಟ್ಟುಕೊಳ್ಳಿ: ಬಾಕಿ ತೀರಲು 30 ದಿನ. ಅದೇ ಅಂಗಡಿಯ ಮಾರ್ಚ್ 31ರ ಬಾಕಿ 15 ಲಕ್ಷವಿದ್ದು ಅದನ್ನೇ ಹಿಡಿದರೆ 75 ದಿನ! ಹೊಸ ಮಾಲು ಪೇಟೆಗೆ ಬರತೊಡಗುವ ಹೊತ್ತಿಗೇ ಸರಕಾರಿ ವರ್ಷ ಮುಗಿಯುತ್ತದೆ. ದೀಪಾವಳಿ ಪಾಡ್ಯಕ್ಕೆ ಹೊಸ ಕೀರ್ದಿ ಪೂಜಿಸುತ್ತಿದ್ದ ಹಳೆಯ ಅಡತಿಯವರ ವರ್ಷ ಸುಗ್ಗಿಯಿಂದ ಬಹಳ ದೂರ ಬಂದು ಮುಗಿಯುತ್ತಿತ್ತು. ಹಾಗಾಗಿ ಈ ಸೀಮೆಯ ವ್ಯಾಪಾರವನ್ನು ತಿಂಗಳುವಾರು ಸರಾಸರಿಯಿಂದಲೇ ಅಳೆಯಬೇಕು.

ಆ ಸರಾಸರಿಯನ್ನು ಬೆಳೆಗಾರನೂ ಪರೀಕ್ಷಿಸುವಂತಾಗಲು ಪಟ್ಟಿಯಲ್ಲಿ ಸವಾಲಿನ ತಾರೀಖಿನ ಪಕ್ಕದಲ್ಲೇ ಹಣ ಸಂದ ತಾರೀಖಿಗೂ ಒಂದು ಕಾಲಂ ಬೇಕು, ಕನ್ನಡದಲ್ಲಿ.