ತೋಟದ ಮನೆಯೇ ಶಾಲೆಯಾದರೆ: ಕಾನೂನು ಏನನ್ನುತ್ತೆ, ಮಕ್ಕಳ ಕೈಗೆ ಏನು ಸಿಗುತ್ತೆ?

ಹೋದ ವರ್ಷ ಶಾಲೆಯಿಂದ ಹೊರಗುಳಿದ ಮಕ್ಕಳ ಸರ್ವೆಗೆ ಅಂತ ಬಂದ ಮೇಷ್ಟ್ರು ನಮ್ಮ ಜಗಲಿ ಮೇಲೆ ಕೂತು, "ಅಕ್ಕಾ, ಇಬ್ಬರು ಮಕ್ಕಳಿದಾರೆ, ಯಾವ ಸ್ಕೂಲು ಅಂತ ಬರ್ಕೊಳ್ಲಿ?" ಎಂದರು. "ಮನೇಲೇ ಓದ್ತಾರೆ ಸರ್" ಅಂದೆ. ಅವರ ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಸ್ವಲ್ಪ ಹೊತ್ತು ಪೆನ್ನು ಆಡಿಸಿ, ಶಾಲೆಯಿಂದ ಹೊರಗುಳಿದವರ ಸಾಲಿನಲ್ಲಿ ಎರಡು ಹೆಸರು ಸೇರಿಸಿದರು. ಒಳಗಿಂದ ಕೇಳಿಸಿಕೊಳ್ಳುತ್ತಿದ್ದ ಹದಿಮೂರರ ಮಗಳು ಆಮೇಲೆ ಕೇಳಿದಳು: "ಹಂಗಾದ್ರೆ ನಾನು ಏನೂ ಓದೇ ಇಲ್ವಾ ಅಮ್ಮಾ?"

ನಮ್ಮದು ತುರುವೇಕೆರೆ ಕಡೆಯ ತೆಂಗಿನ ತೋಟದ ಮನೆ. ಕ್ರೈಸ್ತ ಕುಟುಂಬ. ಬೆಳಿಗ್ಗೆ ಪ್ರಾರ್ಥನೆ, ಬೈಬಲ್ ಓದು, ಆಮೇಲೆ ಲೆಕ್ಕ, ವಿಜ್ಞಾನ, ಭಾಷೆ. ಮಕ್ಕಳು ನಮ್ಮ ನಂಬಿಕೆಯಲ್ಲಿ ಬೆಳೆಯಲಿ ಅನ್ನೋದು ನಮ್ಮ ಆಸೆ. ಜೊತೆಗೆ ಮಗಳನ್ನು ಯುಕೆಜಿಗೆ ಹಾಕಿದ್ದ ಕಾನ್ವೆಂಟಿನ ಬಾಯಿಪಾಠದ ಹಿಂಸೆಯೂ ಒಂದು ಕಾರಣ. ಆದರೆ ಇದಕ್ಕೆ ಕೈ ಹಾಕುವ ಮುಂಚೆ ತಿಳಿಯಬೇಕಾಗಿದ್ದ ಹಲವು ಸಂಗತಿಗಳು ನಮಗೆ ತಿಳಿದದ್ದು ಆ ಸರ್ವೆಯ ನಂತರವೇ.

ಮೊದಲು ಕಾನೂನು. 2002ರ 86ನೇ ತಿದ್ದುಪಡಿ ಸಂವಿಧಾನಕ್ಕೆ 21ಎ ವಿಧಿಯನ್ನು ಸೇರಿಸಿತು. ಅದರ ಮೇಲೆ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14ರ ವಯಸ್ಸಿನ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಅನ್ನುತ್ತದೆ ಅದರ 10ನೇ ಸೆಕ್ಷನ್. ಸೇರಿಸದಿದ್ದರೆ ಪಾಲಕರಿಗೆ ಇಂಥ ಶಿಕ್ಷೆ ಅಂತ ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಈ ಸಂದಿಯಲ್ಲೇ ನಮ್ಮಂಥವರು ಬದುಕುತ್ತಿರುವುದು. ಮನೆ ಶಿಕ್ಷಣಕ್ಕೆ ಕಾಯ್ದೆ ಅಡ್ಡಿಯಲ್ಲ ಎಂದು ಕೇಂದ್ರ ಸರ್ಕಾರ 2012ರಲ್ಲಿ ದೆಹಲಿ ಹೈಕೋರ್ಟಿಗೆ ಹೇಳಿದ್ದನ್ನು ಹೋಮ್‌ಸ್ಕೂಲ್ ಪಾಲಕರು ಮಾತುಮಾತಿಗೂ ಎತ್ತುತ್ತಾರೆ. ನಾನೂ ಎತ್ತುತ್ತಿದ್ದೆ. ಕೋರ್ಟಿಗೆ ಕೊಟ್ಟ ಪ್ರಮಾಣಪತ್ರ ಕಾಯ್ದೆಯಾಗುವುದಿಲ್ಲ ಅಂತ ವಕೀಲರೊಬ್ಬರು ಬಿಡಿಸಿ ಹೇಳಿದ ಮೇಲೆ ಬಿಟ್ಟೆ.

ಕರ್ನಾಟಕದಲ್ಲಿ ಇಲಾಖೆ ಮನೆಮನೆ ತಿರುಗುವುದಕ್ಕೆ ಕಾರಣವೂ ಇದೆ. ಶಾಲೆಯಿಂದ ಹೊರಗುಳಿದ ಮಕ್ಕಳ ವಿಚಾರವನ್ನು ನಮ್ಮ ಹೈಕೋರ್ಟು 2013ರಲ್ಲಿ ತಾನಾಗಿ ಕೈಗೆತ್ತಿಕೊಂಡಿತು. ಇಟ್ಟಿಗೆ ಗೂಡಿನಲ್ಲಿ, ಕಾಯಿ ಸುಲಿಯುವಲ್ಲಿ ಇರುವ ಮಕ್ಕಳನ್ನು ಹುಡುಕುವ ಬಲೆ ಅದು. ಅದರಲ್ಲಿ ನಮ್ಮ ಮಕ್ಕಳೂ ಸಿಕ್ಕರೆ ಮೇಷ್ಟ್ರನ್ನು ಬೈದು ಪ್ರಯೋಜನವಿಲ್ಲ.

'ಅಲ್ಪಸಂಖ್ಯಾತರಿಗೆ ಆರ್‌ಟಿಇ ಅನ್ವಯಿಸಲ್ಲ' ಅನ್ನುವ ಮಾತು ನಮ್ಮ ಸಭೆಗಳಲ್ಲಿ ಓಡಾಡುತ್ತದೆ. ಇದು ಅರ್ಧ ಸತ್ಯ. 2014ರ ಪ್ರಮತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ವಿನಾಯಿತಿ ಕೊಟ್ಟದ್ದು ಅಲ್ಪಸಂಖ್ಯಾತ ಶಾಲೆಗಳಿಗೆ, ಅಲ್ಪಸಂಖ್ಯಾತರ ಅಡುಗೆಮನೆಗಲ್ಲ. ಹೊರದೇಶದಲ್ಲೂ ಒಂದೇ ಉತ್ತರವಿಲ್ಲ. ಅಮಿಶ್ ಪಂಥದವರು ಮಕ್ಕಳನ್ನು ಎಂಟನೇ ತರಗತಿಯ ನಂತರ ಶಾಲೆಗೆ ಕಳಿಸದೆ ಇರಬಹುದು ಎಂದಿತು ಅಮೆರಿಕದ ಸುಪ್ರೀಂ ಕೋರ್ಟು, 1972ರಲ್ಲಿ. ಜರ್ಮನಿಯ ಕ್ರೈಸ್ತ ಕುಟುಂಬವೊಂದು ಇಂಥದ್ದೇ ಬೇಡಿಕೆ ಇಟ್ಟಾಗ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2006ರಲ್ಲಿ ಒಪ್ಪಲಿಲ್ಲ.

ನಮ್ಮತ್ತೆಗೆ ಈ ಕೋರ್ಟುಗಳೆಲ್ಲ ಬೇಕಿಲ್ಲ. ಪಕ್ಕದ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನವರು ನೆಲೆ ಹೂಡಿದ್ದು 1830ರ ದಶಕದಲ್ಲಿ. ಅಲ್ಲಿದ್ದ ವಿಲಿಯಂ ಆರ್ಥರ್ ಆ ಅನುಭವವನ್ನು ಬರೆದ ಪುಸ್ತಕ 1847ರಲ್ಲೇ ಬಂತು. ಈ ಸೀಮೆಗೆ ನಮ್ಮ ಧರ್ಮ ಬಂದದ್ದೇ ಶಾಲೆಯ ಕೈಹಿಡಿದು. ಅತ್ತೆ ಓದಿದ್ದು ಮಿಷನ್ ಶಾಲೆಯಲ್ಲಿ. "ಸ್ಕೂಲಿಲ್ದಿದ್ರೆ ನಾನು ಬೈಬಲ್ ಓದಕ್ಕೆ ಕಲೀತಿದ್ನೇನೇ? ನೀವು ಸ್ಕೂಲೇ ಬ್ಯಾಡ ಅಂತೀರಲ್ಲ" ಅಂತಾರೆ. ಇದಕ್ಕೆ ನನ್ನ ಹತ್ತಿರ ಇನ್ನೂ ಉತ್ತರವಿಲ್ಲ.

ಪಾಠ ಚೆನ್ನಾಗಿಯೇ ನಡೆಯುತ್ತದೆ. ಕಾಯಿ ಅಟ್ಟಕ್ಕೆ ಹಾಕಿ ಹತ್ತು–ಹನ್ನೆರಡು ತಿಂಗಳು ಕಾದು ಉಂಡೆ ಕೊಬ್ಬರಿ ಮಾಡುವ ಮನೆಯಲ್ಲಿ ತೂಕ, ತೇವಾಂಶ, ಶೇಕಡಾ ಲೆಕ್ಕಕ್ಕೆ ಬರವಿಲ್ಲ. ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ಇದ್ದದ್ದು 2025ರ ಹಂಗಾಮಿಗೆ 12,100 ಆದಾಗ ಏರಿಕೆ ಶೇಕಡಾ ಎಷ್ಟು ಅಂತ ಮಗಳಿಗೆ ಕೊಟ್ಟೆ. "ಒಂದೂ ಇಲ್ಲ, 0.83" ಅಂದಳು. ಅವರಪ್ಪ ನಕ್ಕರು, ಸಂತೋಷಕ್ಕಲ್ಲ.

ಸೋತದ್ದು ಕನ್ನಡದಲ್ಲಿ. ನಾವು ತರಿಸಿದ್ದು ಅಮೆರಿಕದ ಕ್ರೈಸ್ತ ಪಠ್ಯ, ಎಲ್ಲ ಇಂಗ್ಲಿಷು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಶಾಲೆಗಳಿಗೆ ಕನ್ನಡ ಕಡ್ಡಾಯ ಮಾಡಿದೆ, ಮನೆಗೆ ಅದನ್ನು ಕೇಳುವವರಿಲ್ಲ. ಒಂಬತ್ತರ ಮಗ ಡಾಲರು–ಸೆಂಟು ಲೆಕ್ಕ ಮಾಡುತ್ತಾನೆ, ತಿಪಟೂರು ಬಸ್ಸಿನ ಬೋರ್ಡು ತಡವರಿಸಿ ಓದುತ್ತಾನೆ. ಇದು ನನ್ನ ತಪ್ಪೇ.

ಇನ್ನು ಸರ್ಟಿಫಿಕೇಟು. ಕೇಂದ್ರದ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆ, 14 ವರ್ಷ ತುಂಬಿದವರನ್ನು ಹತ್ತನೇ ತರಗತಿ ಪರೀಕ್ಷೆಗೆ ತೆಗೆದುಕೊಳ್ಳುತ್ತದೆ. ಪಾಸಾಗಲು ಐದು ವಿಷಯ, ವರ್ಷಕ್ಕೆ ಎರಡು ಸಲ ಪರೀಕ್ಷೆ, ಒಂದೊಂದೇ ವಿಷಯ ಮುಗಿಸಿಕೊಂಡೂ ಹೋಗಬಹುದು. ಅದಕ್ಕಿಂತ ಚಿಕ್ಕವರಿಗೆ ಎ, ಬಿ, ಸಿ ಅಂತ ಮೂರು ಹಂತಗಳಿವೆ. ಅವು 3, 5 ಮತ್ತು 8ನೇ ತರಗತಿಗೆ ಸಮ. ರಾಜ್ಯದ ಎಸ್ಸೆಸ್ಸೆಲ್ಸಿಯನ್ನೇ ಖಾಸಗಿ ಅಭ್ಯರ್ಥಿಯಾಗಿ ಕಟ್ಟುವ ದಾರಿಯೂ ಉಂಟು.

ನಮ್ಮ ಕಡೆಯ ರೈತರ ಮಕ್ಕಳಿಗೆ ಪೆಟ್ಟು ಬೀಳುವುದು ಇನ್ನೊಂದು ಕಡೆ. ಸಿಇಟಿಯಲ್ಲಿ ಗ್ರಾಮೀಣ ಕೋಟಾ ಬೇಕಾದರೆ 1ರಿಂದ 10ನೇ ತರಗತಿ ಪೂರ್ತಿ ಗ್ರಾಮೀಣ ಶಾಲೆಯಲ್ಲಿ ಓದಿರಬೇಕು. ಕನ್ನಡ ಮಾಧ್ಯಮದ ಕೋಟಾಕ್ಕೂ ಅದೇ ಹತ್ತು ವರ್ಷ. ಹುಟ್ಟಿದ್ದು ಬೆಳೆದದ್ದು ತೋಟದಲ್ಲೇ ಆದರೂ ಕಾಗದದ ಮೇಲೆ ನನ್ನ ಮಗಳು ಹಳ್ಳಿಯವಳಲ್ಲ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಬೇರೆ ತೀರ್ಮಾನ ಮಾಡುತ್ತಿದ್ದೆವೋ ಏನೋ.

ವಾಪಸು ಹೋಗುವ ಬಾಗಿಲಂತೂ ತೆರೆದಿದೆ. ಶಾಲೆಗೇ ಹೋಗದ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು ಅನ್ನುತ್ತದೆ ಕಾಯ್ದೆಯ 4ನೇ ಸೆಕ್ಷನ್. ಟಿಸಿ ಇಲ್ಲ, ವಯಸ್ಸಿನ ದಾಖಲೆ ಇಲ್ಲ, ತಡವಾಯ್ತು ಅಂತ ವಾಪಸು ಕಳಿಸುವಂತಿಲ್ಲ. ಮಗನನ್ನು ಜೂನ್‌ನಲ್ಲಿ ಊರಿನ ಸರ್ಕಾರಿ ಶಾಲೆಗೆ ಹಾಕುತ್ತಿದ್ದೇವೆ. ಬೈಬಲ್ ಓದು ಬೆಳಿಗ್ಗೆ ಆರಕ್ಕೆ ಬಂದಿದೆ. ಮಗಳು ಎನ್‌ಐಒಎಸ್ ಸಾಕು ಅಂದಿದ್ದಾಳೆ, ಆದರೆ ಅವಳ ಕನ್ನಡ ಪಾಠ ಈಗ ಅತ್ತೆಯ ಕೈಯಲ್ಲಿದೆ.